ನಾಲ್ಕು ಲಕ್ಷ ಜನರೂ ಇಲ್ಲದ ದೇಶ, 20 ಲೀಗ್ ಕಪ್: ಬ್ರೇಯ್ದಬ್ಲಿಕ್ ಹುಡುಗಿಯರು ಇದನ್ನು ಹೇಗೆ ಮಾಡುತ್ತಾರೆ?

ವೀಣಾ ಎಚ್.

ಇಲ್ಲಿ ಬಾರ್ಸಿಲೋನಾ, ಲಿಯೋನ್, ಆರ್ಸೆನಲ್ ಮಹಿಳಾ ಫುಟ್‌ಬಾಲ್ ತಂಡಗಳ ಬಗ್ಗೆ ದಿನಾ ಜಗಳ ಆಗುತ್ತೆ. ಐಸ್‌ಲ್ಯಾಂಡಿನ ಬ್ರೇಯ್ದಬ್ಲಿಕ್ ಬಗ್ಗೆ ಯಾರೂ ಒಂದು ಸಾಲು ಬರೆದದ್ದು ನೋಡಿಲ್ಲ. ಅದಕ್ಕೇ ನಾನೇ ಶುರು ಮಾಡ್ತಿದ್ದೀನಿ.

ದೇಶದ ಜನಸಂಖ್ಯೆ ನಾಲ್ಕು ಲಕ್ಷಕ್ಕಿಂತ ಕಡಿಮೆ, ಅಂದರೆ ಮೈಸೂರು ನಗರದ ಅರ್ಧವೂ ಇಲ್ಲ. ಕ್ಲಬ್ ಇರುವುದು ರಾಜಧಾನಿ ರೇಕ್ಯಾವಿಕ್‌ನಲ್ಲೂ ಅಲ್ಲ, ಪಕ್ಕದ ಕೋಪವೋಗುರ್‌ನಲ್ಲಿ. ಆ ಊರಲ್ಲಿ ಇರುವವರು ಸುಮಾರು 40 ಸಾವಿರ ಜನ. ಅಲ್ಲಿಂದ 1977ರಲ್ಲಿ ಮೊದಲ ಲೀಗ್ ಗೆದ್ದವರು 2025ರ ಹೊತ್ತಿಗೆ 20 ಮುಟ್ಟಿದ್ದಾರೆ. ಐಸ್‌ಲ್ಯಾಂಡಿನ ಬೇರೆ ಯಾವ ಮಹಿಳಾ ತಂಡಕ್ಕೂ ಅಷ್ಟು ಇಲ್ಲ.

ಆದರೆ ನನ್ನ ತಲೆ ಕೆಡಿಸಿದ್ದು ಕಪ್‌ಗಳ ಲೆಕ್ಕ ಅಲ್ಲ. 2020ರಲ್ಲಿ ಲೀಗ್ ಗೆದ್ದರಲ್ಲ, ಆ ಚಳಿಗಾಲದಲ್ಲೇ ಮೂರು ಜನ ಒಳ್ಳೊಳ್ಳೆ ಆಟಗಾರ್ತಿಯರು ಜರ್ಮನಿಗೆ ಹೊರಟುಬಿಟ್ಟರು. ಕರೋಲಿನಾ ಲೇಯಾ ಬಯರ್ನ್ ಮ್ಯೂನಿಕ್‌ಗೆ, ಅಲೆಕ್ಸಾಂದ್ರಾ ಫ್ರಾಂಕ್‌ಫರ್ಟ್‌ಗೆ, ಸ್ವೇಯ್ನ್‌ದಿಸ್ ವುಲ್ಫ್ಸ್‌ಬರ್ಗ್‌ಗೆ ಸಹಿ ಹಾಕಿದಳು. ಬೇರೆ ಯಾವ ತಂಡ ಆದರೂ ಮುಂದಿನ ಎರಡು ಮೂರು ವರ್ಷ ಎದ್ದೇಳುತ್ತಿರಲಿಲ್ಲ. ಇವರು ಮರುವರ್ಷವೇ, 2021ರಲ್ಲಿ, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದರು. ಐಸ್‌ಲ್ಯಾಂಡಿನಿಂದ ಅಲ್ಲಿಗೆ ಮುಟ್ಟಿದ ಮೊದಲ ಕ್ಲಬ್ ಇದೇ.

ನನಗನ್ನಿಸುವುದು ಇಷ್ಟು. ಇದನ್ನು ತಂಡ ಅನ್ನುವುದಕ್ಕಿಂತ ಸಸಿಮಡಿ ಅನ್ನಬೇಕು. ಸಸಿ ಕಿತ್ತುಕೊಂಡು ಹೋಗುತ್ತಾರೆ ಅಂತ ಗೊತ್ತಿದ್ದೇ ಬೆಳೆಸುತ್ತಾರೆ. ನೀವೇನಂತೀರಿ?

ಆಫ್‌ಸೈಡ್

ಗುಂಪು ಹಂತಕ್ಕೆ ಹೋಗಿ ಏನು ಮಾಡಿದರು ಅಂತಲೂ ಬರೆಯಬೇಕಿತ್ತಲ್ಲ ವೀಣಾ ಅವರೇ 😄

ಪ್ಯಾರಿಸ್ಸಿನ ಪಿಎಸ್‌ಜಿ ಕೈಲಿ ಮನೆಯಲ್ಲಿ 0-2, ಅಲ್ಲಿ ಹೋಗಿ 0-6. ರಿಯಲ್ ಮ್ಯಾಡ್ರಿಡ್ ಕೈಲಿ 0-5, 0-3. ಉಕ್ರೇನಿನ ಖಾರ್ಕಿವ್ ತಂಡದ ಜೊತೆ ಒಂದು 0-0, ಇನ್ನೊಂದು 0-2. ಆರು ಆಟ, ಹೊಡೆದ ಗೋಲು ಸೊನ್ನೆ, ತಿಂದದ್ದು 18. ಇದಕ್ಕೆ "ಯಶಸ್ವಿ ಕ್ಲಬ್" ಅಂತ ಹೆಸರು. ಹತ್ತು ತಂಡದ ಲೀಗಲ್ಲಿ ಗೆದ್ದರೆ ಗೆದ್ದಂಗಾ?

ಸುಳ್ಯದ ಹುಡುಗ

ಒಂದು ಪಾಯಿಂಟ್ ಬಂತಲ್ಲ ಮಾರಾಯ್ರೆ, ಅದನ್ನು ಯಾಕೆ ಬಿಟ್ಟಿರಿ?

ವೀಣಾ ಎಚ್.

@ಆಫ್‌ಸೈಡ್ ಅದೇ ವರ್ಷ ಅರ್ಹತಾ ಸುತ್ತಿನಲ್ಲಿ ಏನಾಯ್ತು ಅಂತಲೂ ಹೇಳಿ. ಫೇರೋ ದ್ವೀಪದ ಕ್ಲಾಕ್ಸ್‌ವಿಕ್ ಮೇಲೆ 7-0, ಲಿಥುವೇನಿಯಾದ ಗಿಂತ್ರಾ ಮೇಲೆ 8-1, ಆಮೇಲೆ ಕ್ರೊಯೇಷಿಯಾದ ಓಸಿಯೆಕ್ ಜೊತೆ ಅಲ್ಲಿ 1-1, ಮನೆಯಲ್ಲಿ 3-0. ಆ ಗುಂಪು ಹಂತದಲ್ಲಿ ಇದ್ದದ್ದೇ 16 ತಂಡ. ಯುರೋಪಿನ ಎಷ್ಟು ದೊಡ್ಡ ದೊಡ್ಡ ದೇಶಗಳಿಂದ ಒಂದು ಕ್ಲಬ್ಬೂ ಅಲ್ಲಿರಲಿಲ್ಲ, ನೋಡಿದ್ದೀರಾ? ಪ್ಯಾರಿಸ್ಸಿನ ದುಡ್ಡಿನ ಮುಂದೆ ಸೋತರು ಅನ್ನುವುದು ಸುದ್ದಿನೇ ಅಲ್ಲ. ಅಲ್ಲಿವರೆಗೆ ಹೋಗಿ ಆಡಿದರು ಅನ್ನುವುದು ಸುದ್ದಿ.

ಲೆಕ್ಕದ ಮೇಷ್ಟ್ರು

ಲೆಕ್ಕ ಸರಿಯಾಗಿರಲಿ ಅಂತ ಹೇಳ್ತಿದ್ದೀನಿ. ಐಸ್‌ಲ್ಯಾಂಡಿನಲ್ಲಿ ಮಹಿಳಾ ಲೀಗ್ ಶುರುವಾದದ್ದು 1972ರಲ್ಲಿ. ಬ್ರೇಯ್ದಬ್ಲಿಕ್ ಗೆದ್ದ ವರ್ಷಗಳು: 1977, 1979ರಿಂದ 1983ರವರೆಗೆ ಸತತ ಐದು, 1990-92, 1994-96, 2000, 2001, 2005, 2015, 2018, 2020, 2024, 2025. ಕೂಡಿ ನೋಡಿ, 20 ಬರುತ್ತೆ.

ಈಗ ಬಿಟ್ಟುಹೋದ ವರ್ಷಗಳನ್ನು ನೋಡಿ. 2005 ಆದಮೇಲೆ ಒಂಬತ್ತು ವರ್ಷ ಒಂದೂ ಇಲ್ಲ. ಆ ಹೊತ್ತಿನಲ್ಲಿ ರೇಕ್ಯಾವಿಕ್‌ನ ವಾಲುರ್ 2006ರಿಂದ 2010ರವರೆಗೆ ಐದು ವರ್ಷ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಮತ್ತೆ 2021, 22, 23 ಮೂರೂ ವಾಲುರ್‌ದೇ. ಹಾಗಾಗಿ "ಸುಮ್ನೆ ಸಣ್ಣ ಲೀಗು, ಒಬ್ಬರೇ ಗೆಲ್ಲುತ್ತಾರೆ" ಅನ್ನುವುದು ಸರಿಯಲ್ಲ. 2024ರಲ್ಲಿ ಕೊನೆಯ ದಿನ ವಾಲುರ್ ಮೈದಾನದಲ್ಲಿ ವಾಲುರ್ ಎದುರೇ ಆಟ. ಬ್ರೇಯ್ದಬ್ಲಿಕ್‌ಗೆ ಡ್ರಾ ಸಾಕಿತ್ತು. 0-0 ಮಾಡಿಕೊಂಡು ಕಪ್ ಎತ್ತಿಕೊಂಡು ಬಂದರು. ನಾಯಕಿ ಆಸ್ತಾ ಎಯ್ರ್ ಅದೇ ಖುಷಿಯಲ್ಲಿ ಆಟಕ್ಕೆ ವಿದಾಯ ಹೇಳಿದರು.

@ಆಫ್‌ಸೈಡ್ 2006-07ರಲ್ಲಿ ಇವರು ಯುರೋಪಿನ ಕ್ವಾರ್ಟರ್ ಫೈನಲ್ ಆಡಿದ್ದಾರೆ. ಆರ್ಸೆನಲ್ ಕೈಲಿ 0-5, 1-4 ಸೋತರು. ಆ ವರ್ಷ ಕಪ್ ಗೆದ್ದದ್ದೇ ಆರ್ಸೆನಲ್.

ಆಫ್‌ಸೈಡ್

ಮೇಷ್ಟ್ರೇ, ನೀವು ನನ್ನ ಪರ ವಾದ ಮಾಡ್ತಿದ್ದೀರೋ ವೀಣಾ ಅವರ ಪರವೋ?

ಲೆಕ್ಕದ ಮೇಷ್ಟ್ರು

ಲೆಕ್ಕದ ಪರ.

ಮಂಜುನಾಥ್ ಕೆ.

ಎಲ್ಲದಕ್ಕೂ ಉತ್ತರ ಒಂದೇ, ದುಡ್ಡು. ಶ್ರೀಮಂತ ದೇಶ. ಮೀನು, ಅಲ್ಯುಮಿನಿಯಂ, ಪ್ರವಾಸಿಗರು. ದುಡ್ಡಿದ್ದರೆ ಯಾರು ಬೇಕಾದರೂ ಮೈದಾನ ಕಟ್ಟಬಹುದು. ಇದರಲ್ಲಿ ಗುಟ್ಟೇನಿದೆ.

ಉತ್ತರದ ಗಾಳಿ

ನಾನು ಇರುವುದೇ ಕೋಪವೋಗುರ್‌ನಲ್ಲಿ, ಮಗಳು ಇದೇ ಕ್ಲಬ್ಬಿನ ಚಿಕ್ಕ ಮಕ್ಕಳ ಗುಂಪಿನಲ್ಲಿ ಆಡುತ್ತಾಳೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮಂಜುನಾಥ್ ಅವರೇ, ದುಡ್ಡು ಇದೆ, ಇಲ್ಲ ಅನ್ನಲ್ಲ. ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನುವುದು ಮುಖ್ಯ. ಮೊದಲ ತಂಡದ ಆಟಗಾರ್ತಿಯರಿಗೆ ಸಿಗುವುದು ಹೇಳಿಕೊಳ್ಳುವಂಥ ಸಂಬಳ ಅಲ್ಲ. ಜಾಸ್ತಿ ಜನ ಓದುತ್ತಾರೆ ಅಥವಾ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಬಂದು ತರಬೇತಿ ಮಾಡುತ್ತಾರೆ. ದುಡ್ಡು ಹೋಗುವುದು ಚಾವಣಿಗೆ ಮತ್ತು ಕೋಚ್‌ಗಳಿಗೆ.

ಚಾವಣಿ ಅಂದರೆ ಇದು. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರಗೆ ಆಡುವುದು ಅಂದರೆ ಶಿಕ್ಷೆ. ಕತ್ತಲು, ಗಾಳಿ, ಮಂಜುಗಡ್ಡೆ. ಗಾಳಿ ಅಂದರೆ ಕಾರಿನ ಬಾಗಿಲು ಹುಷಾರಾಗಿ ತೆಗೆಯಬೇಕು, ಇಲ್ಲದಿದ್ದರೆ ಕಿತ್ತುಕೊಂಡು ಹೋಗುತ್ತೆ, ಅಂಥದ್ದು. ಹಿಂದೆಲ್ಲ ವರ್ಷಕ್ಕೆ ಐದಾರು ತಿಂಗಳು ಮಾತ್ರ ಸರಿಯಾದ ಫುಟ್‌ಬಾಲ್. 2000ದಲ್ಲಿ ಕೆಪ್ಲಾವಿಕ್ ಕಡೆ ಮೊದಲ ದೊಡ್ಡ ಒಳಾಂಗಣ ಬಂತು. 2002ರಲ್ಲಿ ನಮ್ಮೂರಲ್ಲಿ ಫೀವಾನ್ ಅನ್ನುವ ಹಾಲ್ ಕಟ್ಟಿದರು. ಒಳಗೆ ಪೂರ್ತಿ ಅಳತೆಯ ಮೈದಾನವೇ ಇದೆ, ಕೃತಕ ಹುಲ್ಲು. ಕ್ಲಬ್ಬಿನ ಮುಖ್ಯ ಮೈದಾನದ ಪಕ್ಕದಲ್ಲೇ. ಕಟ್ಟಿಸಿದ್ದು ಪುರಸಭೆ. ಜನವರಿಯ ಸಂಜೆ ಒಳಗೆ ಹೋದರೆ ಒಂದು ಮೂಲೆಯಲ್ಲಿ ಆರು ವರ್ಷದ ಹುಡುಗಿಯರು, ಇನ್ನೊಂದು ಕಡೆ ಹದಿನಾಲ್ಕರವರು, ಅಂಚಿನಲ್ಲಿ ವಾಕಿಂಗ್ ಮಾಡುವ ಅಜ್ಜ ಅಜ್ಜಿಯರು. ಇದಲ್ಲದೆ ಫುಟ್‌ಬಾಲ್ ಸಂಸ್ಥೆಯವರು ದೇಶದ ತುಂಬ ಶಾಲೆಗಳ ಪಕ್ಕ ಚಿಕ್ಕ ಚಿಕ್ಕ ಮೈದಾನ ಹಾಕಿಸಿದ್ದಾರೆ, ನೂರಕ್ಕೂ ಹೆಚ್ಚು.

ಎರಡನೆಯದು ಕೋಚ್. ನನಗೆ ಮೊದಲು ಆಶ್ಚರ್ಯ ಆದದ್ದು ಇದೇ. ಆರು ವರ್ಷದ ಮಕ್ಕಳಿಗೆ ಹೇಳಿಕೊಡುವವರೂ ಸಂಬಳ ತಗೊಳ್ಳುವ, ತರಬೇತಿ ಪಡೆದ ಕೋಚ್. ಯುಯೆಫಾ (ಯುರೋಪಿನ ಫುಟ್‌ಬಾಲ್ ಒಕ್ಕೂಟ) ಲೈಸೆನ್ಸ್ ಇರುವವರು ಈ ಪುಟ್ಟ ದೇಶದಲ್ಲಿ ನೂರಾರು ಜನ ಇದ್ದಾರೆ. ಯಾರದೋ ಅಪ್ಪ ಬಂದು ಸೀಟಿ ಊದುವ ಪದ್ಧತಿ ಇಲ್ಲ. ನಾನು ಒಂದು ಸಲ "ಸಹಾಯಕ್ಕೆ ಬರಲಾ" ಅಂತ ಕೇಳಿದ್ದೆ. ನಗುನಗುತ್ತಾ ಬಾಳೆಹಣ್ಣು ಹಂಚುವ ಕೆಲಸ ಕೊಟ್ಟರು.

ಮೂರನೆಯದು ಫೀಸ್. ಪುಕ್ಕಟೆ ಅಲ್ಲ, ಆದರೆ ಪ್ರತಿ ಮಗುವಿನ ಹೆಸರಲ್ಲಿ ವರ್ಷಕ್ಕೆ ಇಷ್ಟು ಅಂತ ಪುರಸಭೆ ಕೊಡುತ್ತೆ. ಅದನ್ನು ಫುಟ್‌ಬಾಲಿಗಾದರೂ ಹಾಕಿ, ಸಂಗೀತಕ್ಕಾದರೂ ಹಾಕಿ. ಹುಡುಗಿ, ಹುಡುಗ ಅಂತ ವ್ಯತ್ಯಾಸ ಇಲ್ಲ. ಮತ್ತು ತುಂಬಾ ದೊಡ್ಡವರಾಗುವವರೆಗೆ "ನೀನು ಚೆನ್ನಾಗಿ ಆಡಲ್ಲ, ನಾಳೆಯಿಂದ ಬರಬೇಡ" ಅಂತ ಯಾರೂ ಹೇಳುವುದಿಲ್ಲ. ನನ್ನ ಮಗಳು ಚೆನ್ನಾಗಿ ಆಡಲ್ಲ, ಅದಕ್ಕೇ ಇದು ಗೊತ್ತು 😀

ಸುಳ್ಯದ ಹುಡುಗ

ಬಾಳೆಹಣ್ಣು ಹಂಚಲು ಲೈಸೆನ್ಸ್ ಬೇಡವಾ?

ಸುಧಾಮಣಿ

ಉತ್ತರದ ಗಾಳಿಯವರು ಬರೆದದ್ದು ಚೆನ್ನಾಗಿದೆ. ಆದರೆ ಇದು 2000ದಲ್ಲಿ ಹಾಲ್ ಕಟ್ಟಿದಮೇಲೆ ಶುರುವಾದ ಕಥೆ ಅಲ್ಲ. ಮೇಷ್ಟ್ರು ಕೊಟ್ಟ ಪಟ್ಟಿ ನೋಡಿ, ಆ ಹೊತ್ತಿಗಾಗಲೇ ಹನ್ನೆರಡು ಕಪ್ ಬಂದಾಗಿತ್ತು. ಚಾವಣಿ ಇಲ್ಲದ ಕಾಲದಲ್ಲಿ, ಮಣ್ಣಿನ ಮೈದಾನದಲ್ಲಿ.

1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಹೆಂಗಸರು ಒಂದು ದಿನ ಎಲ್ಲ ಕೆಲಸ ಬಿಟ್ಟು ಬೀದಿಗೆ ಬಂದರು. ಆಫೀಸು, ಅಡುಗೆ, ಮಕ್ಕಳು ಎಲ್ಲ ಬಿಟ್ಟು. ನೂರಕ್ಕೆ ತೊಂಬತ್ತು ಹೆಂಗಸರು ಸೇರಿದ್ದರು ಅಂತಾರೆ. ಐದು ವರ್ಷಕ್ಕೆ, 1980ರಲ್ಲಿ, ವಿಗ್ದಿಸ್ ಫಿನ್‌ಬೋಗದೋತ್ತಿರ್ ರಾಷ್ಟ್ರಪತಿ ಆದರು. ಜನರ ಮತದಿಂದ ಗೆದ್ದು ಆ ಹುದ್ದೆಗೆ ಬಂದ ಜಗತ್ತಿನ ಮೊದಲ ಮಹಿಳೆ. ಬ್ರೇಯ್ದಬ್ಲಿಕ್‌ನ ಮೊದಲ ಐದಾರು ಕಪ್‌ಗಳು ಬಂದದ್ದು ಸರಿಯಾಗಿ ಇದೇ ವರ್ಷಗಳಲ್ಲಿ. ಫುಟ್‌ಬಾಲ್ ಬೇರೆ, ಸಮಾಜ ಬೇರೆ ಅಂತ ನೋಡಿದರೆ ಇದು ಅರ್ಥ ಆಗಲ್ಲ.

ಆಫ್‌ಸೈಡ್

ಮುಷ್ಕರದಿಂದ ಗೋಲು ಬರುತ್ತಾ ಮೇಡಂ? ಇದು ಸ್ವಲ್ಪ ಜಾಸ್ತಿ ಆಯ್ತು.

ಸುಧಾಮಣಿ

ಗೋಲು ಬರಲ್ಲ. ಹುಡುಗಿಯನ್ನು ಮೈದಾನಕ್ಕೆ ಕಳಿಸುವ ಅಪ್ಪ ಅಮ್ಮ ಬರುತ್ತಾರೆ. ಗೋಲು ಆಮೇಲಿನ ಮಾತು.

ಶ್ರೀನಿಧಿ

ದ್ವೀಪದ ಕ್ಲಬ್ ಅಂದರೆ ನನ್ನ ವೋಟು ಕ್ಲಾಕ್ಸ್‌ವಿಕ್‌ಗೆ. ವೀಣಾ ಅವರು 7-0 ಅಂತ ಒಂದೇ ಏಟಿಗೆ ತಳ್ಳಿಬಿಟ್ಟರು, ಪಾಪ. ಫೇರೋ ದ್ವೀಪದ ಈ ಊರಿನ ಜನಸಂಖ್ಯೆ ಸುಮಾರು ಐದು ಸಾವಿರ. ಇವರ ಮಹಿಳಾ ತಂಡ 2000ದಿಂದ 2016ರವರೆಗೆ ಸತತ 17 ವರ್ಷ ಲೀಗ್ ಗೆದ್ದಿದೆ. ಹದಿನೇಳು! ಮಧ್ಯದಲ್ಲಿ ಒಂದು ವರ್ಷವೂ ಬಿಟ್ಟಿಲ್ಲ.

ಲೆಕ್ಕದ ಮೇಷ್ಟ್ರು

ಫೇರೋ ಸ್ವತಂತ್ರ ದೇಶ ಅಲ್ಲ. ಡೆನ್ಮಾರ್ಕಿನ ರಾಜ್ಯಕ್ಕೆ ಸೇರಿದ್ದು.

ಶ್ರೀನಿಧಿ

ಫೀಫಾಗೆ ದೇಶ, ಯುಯೆಫಾಗೆ ದೇಶ, ಮೇಷ್ಟ್ರಿಗೆ ಮಾತ್ರ ಅಲ್ಲ. ಆಯ್ತು ಬಿಡಿ.

ಬೆಳಗಾವಿ 10

ದ್ವೀಪ ಅಂದಮೇಲೆ ಸೈಪ್ರಸ್ ಯಾಕೆ ಯಾರ ಬಾಯಲ್ಲೂ ಬರಲಿಲ್ಲ? ಲಿಮಸ್ಸೋಲ್‌ನ ಅಪೊಲೊನ್ ಲೇಡೀಸ್. ನಮ್ಮ ಪಂಜಾಬಿನ ಮನೀಷಾ ಕಲ್ಯಾಣ್ ಆಡಿದ ಕ್ಲಬ್ ಅದು. 2022ರ ಆಗಸ್ಟ್‌ನಲ್ಲಿ ಲಾಟ್ವಿಯಾದ ರೀಗಾ ತಂಡದ ಎದುರು ಎರಡನೇ ಅರ್ಧದಲ್ಲಿ ಮೈದಾನಕ್ಕಿಳಿದಳು, ಮಹಿಳಾ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳು ಆದಳು. ಅಪೊಲೊನ್ 3-0 ಗೆದ್ದಿತು.

ಈಗ ಅದೇ ವಾರ ಇಲ್ಲಿ ಏನು ನಡೀತಿತ್ತು ಕೇಳಿ. ನಮ್ಮ ಫುಟ್‌ಬಾಲ್ ಫೆಡರೇಷನ್ನನ್ನು ಫೀಫಾ ಅಮಾನತು ಮಾಡಿತ್ತು. ಗೋಕುಲಂ ಕೇರಳದ ಹುಡುಗಿಯರು ಏಷ್ಯಾದ ಕ್ಲಬ್ ಟೂರ್ನಿ ಆಡೋಕೆ ತಾಷ್ಕೆಂಟಿಗೆ ಹೋಗಿ ಇಳಿದಿದ್ದಾರೆ, ಆಮೇಲೆ ಗೊತ್ತಾಗುತ್ತೆ ಆಡುವ ಹಾಗಿಲ್ಲ ಅಂತ. ಹೋಟೆಲಲ್ಲಿ ಕೂತು ವಾಪಸ್ ಬಂದರು. ವರ್ಷಪೂರ್ತಿ ಬೆವರು ಸುರಿಸಿ ಲೀಗ್ ಗೆದ್ದವರು. ತಪ್ಪು ಯಾರದು, ಶಿಕ್ಷೆ ಯಾರಿಗೆ? ಐಸ್‌ಲ್ಯಾಂಡಿನ ಚಾವಣಿ, ಕೋಚು ಎಲ್ಲ ಆಮೇಲೆ ನೋಡೋಣ. ಮೊದಲು ಕುರ್ಚಿಯಲ್ಲಿ ಕೂತವರು ಸರಿ ಇರಬೇಕು.

ಮಂಜುನಾಥ್ ಕೆ.

ಬಂತು ನೋಡಿ. ಯಾವ ದೇಶದ ಮಾತು ಶುರುವಾದರೂ ಕೊನೆಗೆ ಭಾರತಕ್ಕೆ ಬೈಯುವುದು.

ಬೆಳಗಾವಿ 10

ಬೈದದ್ದು ಭಾರತಕ್ಕಲ್ಲ, ಆಡಳಿತಕ್ಕೆ. ನಮ್ಮ ಹುಡುಗಿಯರು ಅದೆಲ್ಲದರ ನಡುವೆಯೇ 2025ರಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1 ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು, ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದದ್ದು. ಬೆಂಗಳೂರಿನ ಕಿಕ್‌ಸ್ಟಾರ್ಟ್ 2023ರಲ್ಲಿ ರಾಷ್ಟ್ರೀಯ ಲೀಗಿನ ಫೈನಲ್ ಆಡಿತ್ತು. ಅಲ್ಲಿ ಗೋಕುಲಂ ಕೈಲಿ 0-5 ಸೋತರು, ಆದರೂ ಫೈನಲ್ ಫೈನಲ್ಲೇ. ನಿಮ್ಮಲ್ಲಿ ಎಷ್ಟು ಜನ ನೋಡಿದ್ರಿ? ಕೈ ಎತ್ತಿ.

ಸುಳ್ಯದ ಹುಡುಗ

(ಕೈ ಎತ್ತಲಿಲ್ಲ)

ಸುಧಾಮಣಿ

ಬೆಳಗಾವಿಯವರೇ, ಐಸ್‌ಲ್ಯಾಂಡಿನಲ್ಲೂ ಕುರ್ಚಿಯವರು ದೇವರಲ್ಲ. 2021ರಲ್ಲಿ ಅಲ್ಲಿಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು, ಆಮೇಲೆ ಇಡೀ ಆಡಳಿತ ಮಂಡಳಿ ರಾಜೀನಾಮೆ ಕೊಡಬೇಕಾಯ್ತು. ಪುರುಷರ ರಾಷ್ಟ್ರೀಯ ತಂಡದ ಆಟಗಾರರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂದಾಗ ಸರಿಯಾಗಿ ನಡೆದುಕೊಳ್ಳಲಿಲ್ಲ ಅಂತ ದೊಡ್ಡ ಗಲಾಟೆ ಆಯ್ತು. ಅದಾದಮೇಲೆ ಅಧ್ಯಕ್ಷೆ ಆದವರು ವಾಂದಾ ಸಿಗುರ್‌ಗೇಯ್ರ್ಸ್‌ದೋತ್ತಿರ್, ಹಿಂದೆ ಬ್ರೇಯ್ದಬ್ಲಿಕ್‌ಗೆ ಆಡಿದವರು. ಆ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷೆ.

ನನಗೆ ಇಲ್ಲಿ ಕಾಣುವುದು ಏನೆಂದರೆ, ಇಷ್ಟು ವರ್ಷ ಆಡಿದ ಹೆಂಗಸರು ಆ ದೇಶದಲ್ಲಿ ಆಟ ಬಿಟ್ಟಮೇಲೂ ಮಾಯ ಆಗುವುದಿಲ್ಲ. ಕೋಚ್ ಆಗ್ತಾರೆ, ಅಧ್ಯಕ್ಷೆ ಆಗ್ತಾರೆ. ವಾಲುರ್‌ಗೆ ಕೋಚ್ ಆಗಿದ್ದ ಎಲಿಸಬೆತ್ ಗುನ್ನಾರ್ಸ್‌ದೋತ್ತಿರ್ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಕ್ಲಬ್ಬನ್ನು ಹದಿನೈದು ಸೀಸನ್ ನಡೆಸಿ, ಈಗ ಬೆಲ್ಜಿಯಂ ರಾಷ್ಟ್ರೀಯ ತಂಡಕ್ಕೆ ಹೋಗಿದ್ದಾರೆ. ನಮ್ಮಲ್ಲಿ ಇಪ್ಪತ್ತು ವರ್ಷದ ಹಿಂದೆ ರಾಜ್ಯಕ್ಕೆ ಆಡಿದ ಹುಡುಗಿ ಈಗ ಎಲ್ಲಿದ್ದಾಳೆ ಅಂತ ಯಾರಿಗಾದರೂ ಗೊತ್ತಾ?

ಕೊಡಗಿನ ಕಾಫಿ

ವಿಷಯ ಸ್ವಲ್ಪ ಬೇರೆ ಕಡೆ ಹೋಗುತ್ತೆ, ಕ್ಷಮಿಸಿ. 40 ಸಾವಿರ ಜನರ ಊರು ಅಂದಾಗ ನನಗೆ ನಮ್ಮ ಕಡೆ ನೆನಪಾಯ್ತು. ನಮ್ಮ ಮಡಿಕೇರಿಯೂ ಹೆಚ್ಚುಕಡಿಮೆ ಆ ಅಳತೆಯ ಊರೇ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಆಗ 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬ ತಂಡ, ಗಿನ್ನೆಸ್ ದಾಖಲೆ ಆಯ್ತು. ತಂಡದಲ್ಲಿ ಹೆಂಗಸರೂ ಆಡ್ತಾರೆ, ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಆಡಿದ್ದನ್ನು ನಾನೇ ನೋಡಿದ್ದೇನೆ.

ಹಾಗಾಗಿ ಸಣ್ಣ ಊರಿಂದ ಆಗಲ್ಲ ಅನ್ನುವ ಮಾತನ್ನು ನಾನು ಒಪ್ಪಲ್ಲ. ಸಣ್ಣ ಊರಿಂದಲೇ ಆಗುವುದು. ಎಲ್ಲರಿಗೂ ಎಲ್ಲರ ಪರಿಚಯ, "ಅವರ ಮನೆ ಮಗಳು ಆಡ್ತಾಳೆ, ನಮ್ಮವಳೂ ಹೋಗಲಿ" ಅಂತ ಕಳಿಸ್ತಾರೆ.

ಆಫ್‌ಸೈಡ್

ಹಬ್ಬ ಬೇರೆ, ಕ್ಲಬ್ ಬೇರೆ ಅಲ್ವಾ? ವರ್ಷಕ್ಕೊಮ್ಮೆ ಸೇರುವುದರಿಂದ ವೃತ್ತಿಪರ ಆಟಗಾರ್ತಿ ಹುಟ್ಟಲ್ಲ.

ಕೊಡಗಿನ ಕಾಫಿ

ಕೊಡಗಿನಿಂದ ಭಾರತ ತಂಡಕ್ಕೆ ಎಷ್ಟು ಜನ ಹಾಕಿ ಆಡಿದ್ದಾರೆ ಅಂತ ಒಂದು ಸಲ ಲೆಕ್ಕ ಹಾಕಿ ಬನ್ನಿ, ಆಮೇಲೆ ಮಾತಾಡೋಣ.

ಉತ್ತರದ ಗಾಳಿ

ಹಬ್ಬದ ಮಾತು ಬಂತಲ್ಲ, ನಾನು ಮರೆತ ದೊಡ್ಡ ವಿಷಯ ಅದೇ. ಬ್ರೇಯ್ದಬ್ಲಿಕ್‌ನವರು 1985ರಿಂದ ಪ್ರತಿ ಜುಲೈನಲ್ಲಿ ಹುಡುಗಿಯರಿಗೆ ಅಂತಲೇ ಒಂದು ಟೂರ್ನಿ ನಡೆಸುತ್ತಾರೆ. ಸೀಮಾಮೋತಿದ್ ಅಂತ ಈಗಿನ ಹೆಸರು, ಟೆಲಿಫೋನ್ ಕಂಪನಿಯ ಪ್ರಾಯೋಜಕತ್ವ. ದೇಶದ ಮೂಲೆಮೂಲೆಯಿಂದ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರು ಬರುತ್ತಾರೆ, ಹೆಚ್ಚಿನವರು ಹನ್ನೆರಡರ ಒಳಗಿನವರು. ಶಾಲೆಗಳಲ್ಲಿ ಮಲಗುತ್ತಾರೆ, ಮೆರವಣಿಗೆ ಮಾಡುತ್ತಾರೆ, ಮುಖಕ್ಕೆ ಬಣ್ಣ. ದೇಶದ ಜನಸಂಖ್ಯೆ ನೆನಪಿಟ್ಟುಕೊಂಡು ಆ ಸಂಖ್ಯೆ ಓದಿ. ಊರಲ್ಲಿ ಆ ಮೂರು ದಿನ ಐಸ್‌ಕ್ರೀಂ ಅಂಗಡಿಯಲ್ಲಿ ನಿಲ್ಲೋಕೆ ಜಾಗ ಇರಲ್ಲ.

ಈಗ ರಾಷ್ಟ್ರೀಯ ತಂಡದಲ್ಲಿ ಆಡುವವರು ಚಿಕ್ಕವರಿದ್ದಾಗ ಹೀಗೇ ಇಂಥ ಟೂರ್ನಿಗಳಲ್ಲಿ ಓಡಾಡಿದವರು. ನನ್ನ ಮಗಳಿಗೆ ಮೊದಲ ತಂಡದ ಹುಡುಗಿಯರು ಟಿವಿಯಲ್ಲಿ ಕಾಣುವ ತಾರೆಯರಲ್ಲ. ಒಬ್ಬಳು ಅವಳ ಗುಂಪಿಗೆ ಕೋಚ್, ಇನ್ನೊಬ್ಬಳು ಈಜುಕೊಳದಲ್ಲಿ ಸಿಗುತ್ತಾಳೆ.

ವೀಣಾ ಎಚ್.

ಇದು ಓದಿ ನನ್ನ ಸಸಿಮಡಿ ಮಾತು ಇನ್ನೂ ಗಟ್ಟಿ ಆಯ್ತು. 2024ರ ಜುಲೈ 12, ರೇಕ್ಯಾವಿಕ್‌ನಲ್ಲಿ ಐಸ್‌ಲ್ಯಾಂಡ್ ಜರ್ಮನಿಯನ್ನು 3-0 ಸೋಲಿಸಿ ಯೂರೋಗೆ, ಅಂದರೆ ಯುರೋಪಿನ ದೇಶಗಳ ಕಪ್ಪಿಗೆ, ಅರ್ಹತೆ ಪಡೆಯಿತು. ಜರ್ಮನಿ ರೀ, ಎಂಟು ಸಲ ಯೂರೋ ಗೆದ್ದ ದೇಶ! ಗೋಲು ಹೊಡೆದವರು ಇಂಗಿಬ್ಯೋರ್ಗ್, ಅಲೆಕ್ಸಾಂದ್ರಾ, ಸ್ವೇಯ್ನ್‌ದಿಸ್. ಮೂರು ಜನರೂ ಬ್ರೇಯ್ದಬ್ಲಿಕ್‌ಗೆ ಆಡಿ ಹೊರಗೆ ಹೋದವರು.

ಆಫ್‌ಸೈಡ್

ಆಮೇಲೆ ಯೂರೋದಲ್ಲಿ? ಫಿನ್ಲೆಂಡ್ ಕೈಲಿ 0-1, ಸ್ವಿಟ್ಜರ್ಲೆಂಡ್ ಕೈಲಿ 0-2, ನಾರ್ವೆ ಕೈಲಿ 3-4. ಮೂರಕ್ಕೆ ಮೂರು ಸೋತು ಮನೆಗೆ. ವಿಶ್ವಕಪ್ ಅಂತೂ ಒಂದು ಸಲವೂ ಆಡಿಲ್ಲ.

ಇನ್ನೊಂದು ಮಾತು. ಸ್ವೇಯ್ನ್‌ದಿಸ್ ಕೆಪ್ಲಾವಿಕ್ ಹುಡುಗಿ, ಬ್ರೇಯ್ದಬ್ಲಿಕ್‌ಗೆ ಬಂದದ್ದು 2020ರಲ್ಲಿ ಒಂದು ಸೀಸನ್ ಸಾಲದ ಮೇಲೆ. ಅಲೆಕ್ಸಾಂದ್ರಾ ಹೌಕರ್ ಕ್ಲಬ್ಬಿನಿಂದ ಬಂದವಳು. ಕರೋಲಿನಾ ಎಫ್‌ಎಚ್‌ನಿಂದ. ಇಂಗಿಬ್ಯೋರ್ಗ್ ಗ್ರಿಂದಾವಿಕ್ ಊರಿನವಳು. ಬೇರೆಯವರ ಮಡಿಯಲ್ಲಿ ಬೆಳೆದದ್ದನ್ನು ಇವರು ಕಿತ್ತು ತಂದು ತಮ್ಮದು ಅಂತ ತೋರಿಸಿದರೆ?

ಲೆಕ್ಕದ ಮೇಷ್ಟ್ರು

ಇದು ಮಾತ್ರ ಸರಿಯಾದ ಏಟು.

ವೀಣಾ ಎಚ್.

ಒಪ್ಪಲ್ಲ. ಕೆಪ್ಲಾವಿಕ್ ಆಗ ಮೇಲಿನ ಲೀಗಿನಲ್ಲೇ ಇರಲಿಲ್ಲ. ಆ ಹುಡುಗಿ ಅಲ್ಲೇ ಇದ್ದಿದ್ದರೆ ವುಲ್ಫ್ಸ್‌ಬರ್ಗ್ ಕಣ್ಣಿಗೆ ಅಷ್ಟು ಬೇಗ ಬೀಳುತ್ತಿರಲಿಲ್ಲ. ದೇಶ ಸಣ್ಣದು, ಕೆಪ್ಲಾವಿಕ್‌ನಿಂದ ಕೋಪವೋಗುರ್‌ಗೆ ಕಾರಲ್ಲಿ ಮುಕ್ಕಾಲು ಗಂಟೆ ದಾರಿ. ಒಂದು ಕ್ಲಬ್ ಮೆಟ್ಟಿಲು ಆದರೆ ಇನ್ನೊಂದು ಬಾಗಿಲು ಆಗುತ್ತೆ. ಬ್ರೇಯ್ದಬ್ಲಿಕ್ ಬಾಗಿಲು. ಸಾರಾ ಬ್ಯೋರ್ಕ್ ಗುನ್ನಾರ್ಸ್‌ದೋತ್ತಿರ್ ಕೂಡ ಹೌಕರ್‌ನಿಂದ ಇಲ್ಲಿಗೆ ಬಂದು, ಇಲ್ಲಿಂದ ಸ್ವೀಡನ್, ಆಮೇಲೆ ವುಲ್ಫ್ಸ್‌ಬರ್ಗ್, ಆಮೇಲೆ ಲಿಯೋನ್. 2020ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ತನ್ನ ಹಳೆಯ ವುಲ್ಫ್ಸ್‌ಬರ್ಗ್ ಮೇಲೇ ಕೊನೆಯ ಗೋಲು ಹೊಡೆದಳು.

ಸ್ವೇಯ್ನ್‌ದಿಸ್ 2024ರ ಡಿಸೆಂಬರ್‌ನಲ್ಲಿ ರೋಮಾ ಎದುರು ಬದಲಿಯಾಗಿ ಬಂದು ನಾಲ್ಕು ಗೋಲು ಹೊಡೆದದ್ದು ನೆನಪಿದೆ ತಾನೇ?

ಸುಧಾಮಣಿ

ಸಾರಾ ಹೆಸರು ಬಂದಮೇಲೆ ಇದನ್ನು ಹೇಳದೆ ಬಿಡಕ್ಕಾಗಲ್ಲ. ಅವಳು ಗರ್ಭಿಣಿ ಆದಾಗ ಲಿಯೋನ್ ಕ್ಲಬ್ ಪೂರ್ತಿ ಸಂಬಳ ಕೊಡಲಿಲ್ಲ. ಆಟಗಾರರ ಸಂಘದ ಜೊತೆ ಸೇರಿ ಫೀಫಾದ ನ್ಯಾಯಮಂಡಳಿಗೆ ಹೋದಳು, ಗೆದ್ದಳು. 82 ಸಾವಿರ ಯೂರೊಗಿಂತ ಹೆಚ್ಚು ಬಾಕಿ ಕೊಡಬೇಕು ಅಂತ ತೀರ್ಪು. 2023ರ ಜನವರಿಯಲ್ಲಿ ತಾನೇ ಬರೆದು ಹೊರಗೆ ಹೇಳಿದಳು. ಈಗ ಯಾವ ದೇಶದ ಆಟಗಾರ್ತಿಗೆ ಮಗು ಆದರೂ ಈ ತೀರ್ಪನ್ನು ತೋರಿಸಬಹುದು. ಅವಳ ಗೋಲುಗಳಿಗಿಂತ ಇದು ದೊಡ್ಡದು ಅಂತ ನನ್ನ ಅಭಿಪ್ರಾಯ. ಆಫ್‌ಸೈಡ್ ಅವರು ಇದಕ್ಕೂ ಸ್ಕೋರ್ ಕೇಳಬಹುದು.

ಆಫ್‌ಸೈಡ್

ಇದಕ್ಕೆ ಕೇಳಲ್ಲ ಮೇಡಂ. ಇದು ಗೆಲುವು.

ಮಂಜುನಾಥ್ ಕೆ.

ದುಡ್ಡಿನ ಮಾತಿಗೆ ಯಾರೂ ಪೂರ್ತಿ ಉತ್ತರ ಕೊಡಲಿಲ್ಲ. 2021ರಲ್ಲಿ ಗುಂಪು ಹಂತಕ್ಕೆ ಹೋದ ಪ್ರತಿ ಕ್ಲಬ್ಬಿಗೂ ಯುಯೆಫಾ ಕನಿಷ್ಠ 4 ಲಕ್ಷ ಯೂರೊ ಕೊಟ್ಟಿತು. ಆ ಲೀಗಲ್ಲಿ ಇದು ಎಷ್ಟು ದೊಡ್ಡ ಮೊತ್ತ ಯೋಚಿಸಿ. ಒಂದು ಸಲ ಸಿಕ್ಕವರು ಮತ್ತೆ ಮತ್ತೆ ಗೆಲ್ಲುತ್ತಾರೆ, ಉಳಿದವರು ಅಲ್ಲೇ.

ಲೆಕ್ಕದ ಮೇಷ್ಟ್ರು

ದುಡ್ಡು ಸಿಕ್ಕಿದ್ದು 2021ರಲ್ಲಿ. 2021, 22, 23 ಲೀಗ್ ಗೆದ್ದದ್ದು ವಾಲುರ್. ನಿಮ್ಮ ವಾದಕ್ಕೆ ಲೆಕ್ಕ ಕೂಡ್ತಿಲ್ಲ ಮಂಜುನಾಥ್ ಅವರೇ.

ಸುಳ್ಯದ ಹುಡುಗ

ಮೇಷ್ಟ್ರು ಇವತ್ತು ಯಾರನ್ನೂ ಬಿಡುವುದಿಲ್ಲ 😂

ಶ್ರೀನಿಧಿ

ನನಗೆ ಆ ವರ್ಷ ಉಳಿದದ್ದು ರಿಯಲ್ ಮ್ಯಾಡ್ರಿಡ್ ಕೋಪವೋಗುರ್‌ಗೆ ಬಂದ ಆಟ. ಡಿಸೆಂಬರ್ 8. ಎಲ್ಲ ಆಟಗಳನ್ನೂ ಆಗ ಯೂಟ್ಯೂಬ್‌ನಲ್ಲಿ ಪುಕ್ಕಟೆ ತೋರಿಸುತ್ತಿದ್ದರು, ನಮ್ಮಂಥವರಿಗೆ ಹಬ್ಬ. ಹಿಮ ಬೀಳುತ್ತಿದೆ, ಮೈದಾನ ಬೆಳ್ಳಗಾಗಿದೆ, ಗೆರೆ ಎಲ್ಲಿದೆ ಅಂತ ಕಾಣಲ್ಲ. ಮ್ಯಾಡ್ರಿಡ್ ಹುಡುಗಿಯರ ಮುಖ ನೋಡಬೇಕಿತ್ತು. ಆದರೂ 3-0 ಗೆದ್ದುಕೊಂಡು ಹೋದರು, ಅದು ಬೇರೆ ಮಾತು.

ಬೆಳಗಾವಿ 10

ಅದೊಂದು ಒಳ್ಳೆ ಕೆಲಸ ಆಗಿತ್ತು. ಈಗ ಎಲ್ಲದಕ್ಕೂ ಚಂದಾ ಕಟ್ಟಬೇಕು.

ಉತ್ತರದ ಗಾಳಿ ಸಾರ್, ಒಂದು ಪ್ರಶ್ನೆ. ನಾನು ಇಲ್ಲಿ ಹುಡುಗಿಯರ ಒಂದು ಚಿಕ್ಕ ತಂಡ ನಡೆಸ್ತೀನಿ. ಸಂಜೆ ಮೈದಾನ ಕೇಳಿದರೆ ಹುಡುಗರ ಕ್ರಿಕೆಟ್ ಮುಗಿದಮೇಲೆ ಅಂತಾರೆ. ಮುಗಿಯೋ ಹೊತ್ತಿಗೆ ಕತ್ತಲು. ಕತ್ತಲಾದಮೇಲೆ ಮನೆಯವರು ಕಳಿಸಲ್ಲ. ಅಲ್ಲಿ ಮೈದಾನದ ಸಮಯ ಯಾರು ಹಂಚುತ್ತಾರೆ? ಹುಡುಗರಿಗೆ ಒಳ್ಳೆ ಸಮಯ, ಹುಡುಗಿಯರಿಗೆ ಉಳಿದದ್ದು ಅಂತ ಆಗಲ್ವಾ?

ಉತ್ತರದ ಗಾಳಿ

ನಾನು ನೋಡಿದ ಮಟ್ಟಿಗೆ, ಚಿಕ್ಕ ಮಕ್ಕಳಲ್ಲಿ ಸಮಯ ವಯಸ್ಸಿನ ಮೇಲೆ ಹಂಚುತ್ತಾರೆ. ಶಾಲೆ ಬಿಟ್ಟ ತಕ್ಷಣ ಚಿಕ್ಕವರು, ಸಂಜೆ ದೊಡ್ಡವರು. ಎಂಟು ವರ್ಷದ ಹುಡುಗರೂ ಹುಡುಗಿಯರೂ ಒಂದೇ ಹೊತ್ತಿಗೆ ಬರುತ್ತಾರೆ, ಮೈದಾನ ಅರ್ಧ ಅರ್ಧ. ಹಾಗಂತ ಇಲ್ಲಿ ಗೊಣಗಾಟ ಇಲ್ಲ ಅಂತಲ್ಲ. ದೊಡ್ಡವರ ತಂಡಕ್ಕೆ ಬಂದಾಗ ಪ್ರಚಾರ, ಪ್ರಾಯೋಜಕರು, ಪ್ರೇಕ್ಷಕರು ಎಲ್ಲ ಗಂಡಸರ ಕಡೆಗೇ ಜಾಸ್ತಿ ವಾಲುತ್ತೆ. ರಾಷ್ಟ್ರೀಯ ತಂಡದಲ್ಲಿ ಮಾತ್ರ 2018ರಿಂದ ಗೆಲುವಿನ ಬೋನಸ್ ಗಂಡಸರಿಗೂ ಹೆಂಗಸರಿಗೂ ಒಂದೇ ಮಾಡಿದ್ದಾರೆ.

ನಿಮ್ಮ ಜಾಗದಲ್ಲಿ ಇದ್ದರೆ ನಾನು ಮೈದಾನಕ್ಕಿಂತ ಮೊದಲು ಶಾಲೆಯ ಅಂಗಳ ಕೇಳುತ್ತಿದ್ದೆ. ಇಲ್ಲಿಯೂ ಹೆಚ್ಚಿನ ಮಕ್ಕಳು ಚೆಂಡು ಮುಟ್ಟುವುದು ಶಾಲೆಯ ಪಕ್ಕದ ಆ ಚಿಕ್ಕ ಮೈದಾನಗಳಲ್ಲೇ.

ಬೆಳಗಾವಿ 10

ಶಾಲೆಯವರು ಭಾನುವಾರ ಗೇಟ್ ತೆಗೆಯಲ್ಲ. ಕೇಳಿ ನೋಡಿದೆ. ಕಾವಲುಗಾರ ಒಳ್ಳೆಯವನು, ಅವನು ಬೇಕಾದರೆ ತೆಗೆಯುತ್ತಾನೆ, ಮೇಲಿನವರು ಬಿಡಲ್ಲ.

ಸುಧಾಮಣಿ

ಹುಡುಗಿಯರ ಅಮ್ಮಂದಿರನ್ನು ಕರೆದುಕೊಂಡು ಹೋಗಿ ಕೇಳಿ. ಒಬ್ಬರು ಇಬ್ಬರಲ್ಲ, ಎಲ್ಲರನ್ನೂ. ಹದಿನೈದು ಅಮ್ಮಂದಿರು ಆಫೀಸ್ ಬಾಗಿಲಲ್ಲಿ ನಿಂತರೆ ಗೇಟ್ ತಾನಾಗಿ ತೆಗೆದುಕೊಳ್ಳುತ್ತೆ.

ಬೆಳಗಾವಿ 10

ಇದು ಮಾಡಬಹುದು. ಮುಂದಿನ ವಾರ ನೋಡ್ತೀನಿ.

ಕೊಡಗಿನ ಕಾಫಿ

ಉತ್ತರದ ಗಾಳಿಯವರೇ, ಮುಂದಿನ ವರ್ಷ ಜುಲೈನಲ್ಲಿ ನಾವು ಸಂಸಾರ ಸಮೇತ ಆ ಕಡೆ ಬರುವ ಯೋಚನೆ ಇದೆ. ಆ ಹುಡುಗಿಯರ ಟೂರ್ನಿ ಹೊರಗಿನವರು ನೋಡಬಹುದಾ? ಟಿಕೆಟ್ ಇದೆಯಾ?

ಉತ್ತರದ ಗಾಳಿ

ಧಾರಾಳವಾಗಿ ನೋಡಬಹುದು. ಮೈದಾನಗಳ ಸುತ್ತ ಅಪ್ಪ ಅಮ್ಮಂದಿರ ಜೊತೆ ನಿಂತುಕೊಂಡರೆ ಆಯ್ತು, ಯಾರೂ ಕೇಳಲ್ಲ. ಆ ದಿನಗಳಲ್ಲಿ ಊರಲ್ಲಿ ಕಾರು ನಿಲ್ಲಿಸೋಕೆ ಮಾತ್ರ ಜಾಗ ಸಿಗಲ್ಲ, ಬಸ್ಸಲ್ಲಿ ಬನ್ನಿ. ಮತ್ತೆ ಜುಲೈ ಅಂತ ಸ್ವೆಟರ್ ಬಿಟ್ಟು ಬರಬೇಡಿ. ಕೊಡಗಿನ ಜುಲೈಗೆ ತರುವ ರೇನ್‌ಕೋಟೂ ಇರಲಿ, ಕೊಡೆ ಬೇಡ, ಗಾಳಿಗೆ ಐದು ನಿಮಿಷ ತಡೆಯಲ್ಲ.